ಕಿರುಬೆರಳು ಮಡಚೋಕ್ಕಾಗಲ್ಲ, ಡಬಲ್ ಲಿಫ್ಟ್ ಕಲಿಯೋದು ಹೇಗೆ?

ತಿಪಟೂರು ಕೊಬ್ಬರಿ:

ಎಲ್ಲರಿಗೂ ನಮಸ್ಕಾರ. ನಂದು ತಿಪಟೂರು ಹತ್ರ ಒಂದು ಹಳ್ಳಿ. ಮಂಡಿಯಲ್ಲಿ ಕೊಬ್ಬರಿ ಆರಿಸೋ ಕೆಲಸ. 38 ವರ್ಷ. ಐದು ತಿಂಗಳಿಂದ ಇಸ್ಪೀಟೆಲೆ ಜಾದೂ ಕಲೀತಿದ್ದೀನಿ. ಕಲೀತಿರೋದು ಒಂದೇ ಆಟ. ಒಂದು ಎಲೆ ತೋರಿಸ್ತೀವಿ, ಅದನ್ನ ಕಟ್ಟಿನ ನಡುವೆ ತೂರಿಸ್ತೀವಿ, ಚಿಟಿಕೆ ಹೊಡೆದ್ರೆ ಅದೇ ಎಲೆ ಮತ್ತೆ ಮೇಲೆ ಬಂದು ಕೂತಿರುತ್ತೆ. ಆಂಬಿಷಸ್ ಕಾರ್ಡ್ ಅಂತಾರಲ್ಲ, ಅದು. ಅದಕ್ಕೆ ಡಬಲ್ ಲಿಫ್ಟ್ ಬರಲೇಬೇಕು. ಮೇಲಿನ ಎರಡು ಎಲೆ ಒಟ್ಟಿಗೆ ಎತ್ತಿ, ಒಂದೇ ಎಲೆ ಅನ್ನೋ ಹಾಗೆ ತೋರಿಸ್ಬೇಕು. ಕಾಣೋದು ಎರಡನೇ ಎಲೆ, ಜೋಡಿ ವಾಪಸ್ ಇಟ್ಟು ನಡುವೆ ತೂರಿಸೋದು ಅದರ ಮೇಲಿದ್ದ ಬೇರೆ ಎಲೆ. ಐದು ತಿಂಗಳಿಂದ ನಾನು ನಿಂತಿರೋದು ಇಲ್ಲೇ.

ಯಾವ ವಿಡಿಯೋ ನೋಡಿದ್ರೂ ಎಡಗೈ ಕಿರುಬೆರಳಿನ ತುದಿಯಿಂದ ಎರಡನೇ ಎಲೆ ಕೆಳಗೆ ಸಣ್ಣ ಸಂದು ಹಿಡ್ಕೊಳ್ಳಿ ಅಂತಾರೆ. ಬ್ರೇಕ್ ಅಂತ ಅದಕ್ಕೆ. ನನ್ನ ಎಡಗೈ ಕಿರುಬೆರಳು ಮಡಚೋದೇ ಇಲ್ಲ. 11 ವರ್ಷದ ಹಿಂದೆ ಚಿಪ್ಪು ಒಡೀವಾಗ ಮಚ್ಚು ಜಾರಿ ನರ ಕಟ್ಟಾಯ್ತು. ಹೊಲಿಗೆ ಹಾಕಿದ್ರು, ಗಾಯ ಮಾಯ್ತು, ಬೆರಳು ಮಾತ್ರ ಕಡ್ಡಿ ಥರ ನೆಟ್ಟಗೆ ನಿಂತುಬಿಡ್ತು. ಕಟ್ಟು ಹಿಡಿದ್ರೆ ಮಿಕ್ಕ ಬೆರಳೆಲ್ಲ ಸುತ್ಕೊಳ್ಳುತ್ತೆ, ಇದೊಂದು ಹೊರಗೆ ಚಾಚ್ಕೊಂಡಿರುತ್ತೆ. ಉಂಗುರದ ಬೆರಳಲ್ಲಿ ಹಿಡಿಯೋಕೆ ಹೋದ್ರೆ ಸಂದು ಬಾಗಿಲಷ್ಟು ಅಗಲ ಆಗುತ್ತೆ, ಎದುರಿಗೆ ಕೂತವರಿಗೆ ಕಾಣುತ್ತೆ.

ಎರಡನೇದು ಚರ್ಮ. ಬೆಳಿಗ್ಗೆಯಿಂದ ಸಂಜೆವರೆಗೂ ಕೊಬ್ಬರಿ ಮುಟ್ಟೋ ಕೈ. ಮೊದಲನೇ ಕಟ್ಟು ಒಂದೇ ವಾರಕ್ಕೆ ಅಂಚೆಲ್ಲ ಹಳದಿಯಾಗಿ ಎಲೆಗಳು ಒಂದಕ್ಕೊಂದು ಕಚ್ಕೊಂಡವು. ಸೋಪು ಹಾಕಿ ಉಜ್ಜಿ ತೊಳ್ಕೊಂಡು ಕೂತ್ರೆ ಬೆರಳು ನಾರಿನ ಥರ ಒಣಗಿ, ಎಲೆ ಹಿಡಿತಕ್ಕೇ ಸಿಗಲ್ಲ.

ಮೂರನೇದು ಮಗಳು. ಒಂಬತ್ತು ವರ್ಷ. ಪ್ರತಿ ಸಲಾನೂ "ಅಪ್ಪಾ, ಎರಡು ಎತ್ತಿದೆ" ಅಂತಾಳೆ. ನನ್ನ ಮುಖ ನೋಡೋದೇ ಇಲ್ಲ, ಎಡಗೈಯನ್ನೇ ನೋಡ್ತಿರ್ತಾಳೆ.

ಇಷ್ಟಕ್ಕೂ ಯಾಕೆ ಹಠ ಅಂತ ಕೇಳಬಹುದು. ನಮ್ಮಪ್ಪ ಯುಗಾದಿಗೆ ಇಸ್ಪೀಟಿಗೆ ಕೂತ್ರೆ ಮೂರು ದಿನ ಏಳ್ತಿರಲಿಲ್ಲ. ನಲವತ್ತು ತೆಂಗಿನಮರ ಇದ್ದ ತುಂಡು ಅದರಲ್ಲೇ ಹೋಯ್ತು. ಅವ್ವ ಇವತ್ತಿಗೂ ಮನೇಲಿ ಎಲೆ ಕಂಡ್ರೆ ಮಾತಾಡಲ್ಲ, ಎದ್ದು ಹಿತ್ತಲಿಗೆ ಹೋಗಿಬಿಡ್ತಾಳೆ. ನಾನು ಅಭ್ಯಾಸ ಮಾಡೋದು ಅಟ್ಟದ ಮೇಲೆ, ಕಾಯಿ ರಾಶಿ ಪಕ್ಕ. ಒಂದೇ ಒಂದು ಸಲ ಅವಳ ಮುಂದೆ ಈ ಆಟ ಮಾಡ್ಬೇಕು ಅಂತ ನನಗೆ. ದುಡ್ಡು ಕಟ್ಟದೆ, ಯಾರೂ ಸೋಲದೆ, ನಮ್ಮನೇಲಿ ಒಬ್ಬ ಎಲೆ ಹಿಡಿದು ಕೂತಿದ್ದು ಅವಳ ಕಣ್ಣಿಗೆ ಬೀಳಬೇಕು. ಅಲ್ಲಿ ಕೈ ತಪ್ಪೋ ಹಾಗಿಲ್ಲ.

ಕಿರುಬೆರಳಿಲ್ಲದೆ ಬ್ರೇಕ್ ಹಿಡಿಯೋ ದಾರಿ ಗೊತ್ತಿರೋರು ದಯವಿಟ್ಟು ಹೇಳಿ.

ಧಾರವಾಡದ ಕ್ಯಾಶಿಯರ್:

ನಿಮ್ಮ ಪ್ರಶ್ನಿ ಎರಡು ಸಲ ಓದಿದೆ. ನಾ 31 ವರ್ಷ ಬ್ಯಾಂಕಿನ್ಯಾಗ ಕ್ಯಾಶಿಯರ್ ಇದ್ದೆ, ಈಗ ನಿವೃತ್ತಿ ಆಗೇದ. ಎಲಿ ಕೈಗೆ ಹಿಡಿದು 26 ವರ್ಷ ಆತು. ತಡಾ ಆದ್ರೂ ಅಡ್ಡಿ ಇಲ್ಲ ಅಂತ ಸಾವಕಾಶ ಬರೀಲಿಕ್ಕತ್ತೇನಿ, ನೀವೂ ಎಲಿ ಕೈಯಾಗ ಹಿಡ್ಕೊಂಡ ಓದ್ರಿ.

ಮೊದಲ ಬೆರಳಿನ ಮಾತು. ಬ್ರೇಕಿಗೆ ಕಿರಿಬೆರಳ ಬೇಕು ಅನ್ನೋದು ಬರೇ ರೂಢಿ. ಬೇಕಾಗಿದ್ದು ಎರಡನೇ ಎಲಿ ಕೆಳಗ ಒಂದು ಸಂದು, ಅದೂ ಚರ್ಮದ ದಪ್ಪದಷ್ಟು. ಅದನ್ನ ಯಾವ ಬೆರಳ ಹಿಡೀತು ಅಂತ ನೋಡೋರು ಯಾರೂ ಕೇಳಂಗಿಲ್ಲ.

ಕಟ್ಟು ಎಡಗೈಯಾಗ ಇರ್ಲಿ. ನೆಟ್ಟಗ ನಿಂತ ಕಿರಿಬೆರಳನ್ನ ಹೊರಗ ಚಾಚಬ್ಯಾಡ್ರಿ, ಕಟ್ಟಿನ ಕೆಳಗ ಉದ್ದಕ ಮಲಗಸ್ರಿ. ಕಟ್ಟು ಅದರ ಮ್ಯಾಲ ಕೂಡ್ತದ. ಮಡಚದ ಬೆರಳು ಅಲ್ಲಿ ಹಲಗಿ ಇಟ್ಟಂಗ ಕೆಲಸಾ ಮಾಡ್ತದ, ಕಟ್ಟು ಅಲ್ಲಾಡೂದಿಲ್ಲ. ಈಗ ಬಲಗೈ ಮ್ಯಾಲಿಂದ ತರ್ರಿ. ನಡುಬೆರಳು, ಉಂಗುರಬೆರಳು ಮುಂದಿನ ಅಂಚಿಗೆ, ಹೆಬ್ಬೆರಳು ನಿಮ್ಮ ಹೊಟ್ಟಿ ಕಡೆ ಇರೋ ಅಂಚಿಗೆ. ಕಟ್ಟಿನ ಅಂಚು ಸರಿ ಮಾಡೋರು ಹಿಂಗ ಹಿಡೀತಾರಲ್ಲ, ಹಂಗ. ಹೆಬ್ಬೆರಳಿನ ತುದಿಗೆ ಮ್ಯಾಲಿನ ಎಲಿ ಹಿಂದಿನ ಅಂಚನ್ನ ಕೂದಲಷ್ಟು ಎತ್ರಿ, ಅದರ ಬೆನ್ನಿಗೆ ಎರಡನೇದು. ಎರಡೂ ಬಂದವು ಅಂದ ಕೂಡ್ಲೆ ನಿಲ್ಲಸ್ರಿ. ಸಂದು ಈಗ ಬಲಗೈ ಹೆಬ್ಬೆರಳಿನ ಮಾಂಸದಾಗ ಅದ, ಎಡಗೈಗೆ ಏನೂ ಕೆಲಸಾ ಇಲ್ಲ. ಬೇರೆ ಮಾಡಿದ ಕೈನ ಎರಡನ್ನೂ ಎತ್ತಿ ತಿರುಗಿಸಿಬಿಡ್ಲಿ. ಕಟ್ಟಿನ ಮುಂದಿನ ತುದಿ ನೋಡೋರ ಕಡೆ ಸ್ವಲ್ಪ ಕೆಳಗ ಬಾಗಿರಲಿ, ಹಿಂದಿನ ಸಂದು ನಿಮ್ಮ ಕಡೆ ಉಳೀತದ. ಬಾಜೂಕ ಯಾರನ್ನೂ ಕೂಡಸಬ್ಯಾಡ್ರಿ.

ಆರ್ಜೆಂಟೀನಾದಾಗ ರೆನೆ ಲಾವಾಂಡ್ ಅಂತ ಒಬ್ಬರಿದ್ರು. 1928ರಾಗ ಹುಟ್ಟಿದವರು. ಒಂಬತ್ತನೇ ವಯಸ್ಸಿಗೆ ಮೋಟಾರು ಹಾಯ್ದು ಬಲಗೈ ಹೋತು. ಉಳಿದ ಎಡಗೈ ಒಂದರಾಗ ಜಗತ್ತಿನ ದೊಡ್ಡ ದೊಡ್ಡ ಜಾದೂಗಾರರು ಕಣ್ಣು ಪಿಳಕಿಸದ ನೋಡೋ ಹಂಗ ಎಲಿ ಆಡಸ್ತಿದ್ರು, ಅದೂ ಭಾಳ ನಿಧಾನಕ. 2015ರಾಗ ತೀರಿಕೊಂಡ್ರು. ಅವರ ವಿಡಿಯೋ ಹುಡುಕಿ ಒಂದ್ಸಲ ನೋಡ್ರಿ. ವೇಗ ಇದ್ದಲ್ಲಿ ಕೈಚಳಕ ಅದ ಅಂತ ನಾವೆಲ್ಲ ತಿಳ್ಕೊಂಡೇವಿ. ಆ ಮನಷ್ಯಾನ ಕೈ ನೋಡಿದ ಮ್ಯಾಲ ನಾ ಅವಸರ ಮಾಡೋದು ಬಿಟ್ಟೆ.

ಈಗ ಖರೇ ಮಾತಿಗೆ ಬರ್ತೇನಿ. ನಿಮ್ಮ ತ್ರಾಸು ಬೆರಳಿಂದಲ್ಲ ಅಂತ ನನಗ ಅನಸ್ತದ.

ಕೌಂಟರಿನ್ಯಾಗ ನಂದು ದಿನಾ ಇದs ಹೋರಾಟ: ನೂರು ನೋಟಿನ ಕಟ್ಟಿನ್ಯಾಗ ಎರಡು ನೋಟು ಅಂಟಿಕೊಂಡು ಒಂದರಂಗ ಹೋಗಬಾರದು. ಕಣ್ಣಿಗೆ ಅದು ಕಾಣೂದಿಲ್ಲ. ಹೆಬ್ಬೆರಳಿಗೆ ಗೊತ್ತಾಗ್ತದ, ಒಂದು ನೋಟು ಬಗ್ಗೋದೇ ಬ್ಯಾರೆ, ಎರಡು ಬಗ್ಗೋದೇ ಬ್ಯಾರೆ. ನಿಮಗೂ ಈ ಸ್ಪರ್ಶ ಅದ. ತಿಪಟೂರಿನ್ಯಾಗ ಕಾಯಿ ಅಟ್ಟದ ಮ್ಯಾಲ ಹತ್ತು ಹನ್ನೊಂದು ತಿಂಗಳ ಇಡ್ತೀರಿ. ನೀರು ಬತ್ತಿ ಕೊಬ್ಬರಿ ಚಿಪ್ಪು ಬಿಟ್ಟಾದೋ ಇಲ್ಲೋ ಅಂತ ಕಾಯಿ ಕುಲುಕಿ ಹೇಳ್ತೀರಿ. ಒಡದು ನೋಡೂದಿಲ್ಲಲ್ಲ? ಎರಡು ಎಲಿ ಕೈಗೆ ಬಂದಾವೋ ಅಂತನೂ ಹಂಗs ಗೊತ್ತಾಗಬೇಕು, ನೋಡದ.

ಅದಕ್ಕ ನಂದೊಂದು ಮಾತು ಕೇಳ್ರಿ. ಒಂದು ವಾರ ಡಬಲ್ ಲಿಫ್ಟ್ ಮಾಡಬ್ಯಾಡ್ರಿ. ಬರೇ ಒಂದು ಎಲಿ ಎತ್ತಿ ತಿರುಗಸ್ರಿ. ಟೀ ಕುಡೀತ, ಮಾತಾಡ್ತ, ಟಿವಿ ನೋಡ್ತ, ಒಂದೊಂದೇ ಎಲಿ. ನಿಮ್ಮ ಕೈ ಒಂದು ಎಲಿನ ಹೆಂಗ ಎತ್ತತದ, ಯಾವ ಬೆರಳ ಹತ್ತತದ, ಎಲಿ ಎಷ್ಟ ಬಾಗತದ, ಇಡೋವಾಗ ಎಷ್ಟ ಸಪ್ಪಳ ಆಗತದ, ಅದನ್ನ ನೋಡ್ಕೋರಿ. ಒಂದು ಎಲಿ ಹಿಡಿಲಿಕ್ಕೆ ಯಾರೂ ಐದೂ ಬೆರಳ ಬಿಗಿ ಮಾಡೂದಿಲ್ಲ. ಡಬಲ್ ಲಿಫ್ಟ್ ಮಾಡೋವಾಗ ಮಾತ್ರ ನಾವು ಜ್ವರಾ ಬಂದೋರಂಗ ಹಿಡ್ಕೋತೇವಿ. ನಿಮ್ಮ ಮಗಳಿಗೆ ಕಾಣೋದು ಆ ಬಿಗಿ. ಎರಡು ಎಲಿ ಅವಳಿಗೆ ಕಂಡಿಲ್ಲ, ಅಪ್ಪನ ಕೈ ಬದಲಾತು ಅಂತ ಕಂಡದ. ಎಂಟನೇ ದಿನ ಎರಡು ಎಲಿ ಎತ್ತಿ ಅದೇ ಒಂದು ಎಲಿ ಎತ್ತಿದಂಗ ಮಾಡ್ರಿ.

ಇನ್ನೊಂದು, ಅವಳು ಎಡಗೈ ನೋಡೋದು ನೀವು ಎಡಗೈ ನೋಡ್ತೀರಿ ಅಂತ. ನೀವು ಎಲ್ಲಿ ನೋಡ್ತೀರೋ ಅಲ್ಲಿ ಮಂದಿ ನೋಡ್ತಾರ. ಸಂದು ಹಿಡಿಯೋ ಕೆಲಸಾ ಆಟ ಶುರು ಆಗೋಕಿಂತ ಮೊದಲs ಮುಗಿಸ್ರಿ. "ಪುಟ್ಟಿ, ಇವತ್ತ ಸಾಲಿಯಾಗ ಏನ ಹೇಳಿಕೊಟ್ರು" ಅಂತ ಕೇಳ್ರಿ, ಆಕಿ ಮಾರಿ ಎತ್ತಿ ಉತ್ತರಾ ಕೊಡೋದ್ರಾಗ ಎರಡೂ ಎಲಿ ನಿಮ್ಮ ಹೆಬ್ಬೆರಳಿನ್ಯಾಗ ಇರಬೇಕು. ಆಮ್ಯಾಲ "ಮ್ಯಾಲಿನ ಎಲಿ ನೋಡು" ಅನ್ರಿ. ಆಗ ಅವಳು ಎಷ್ಟ ದಿಟ್ಟಿಸಿ ನೋಡಿದ್ರೂ ಕಳ್ಳತನ ಮುಗದು ಹೋಗಿರ್ತದ.

ಎತ್ತಿದ ಎರಡೂ ಎಲಿ ಉದ್ದಕ ತುಸು ಬಾಗಿರಲಿ, ದೋಣಿಯಂಗ. ಬಾಗಿದ್ರ ಒಂದಕ್ಕೊಂದು ಅಂಟಿ ನಿಲ್ತಾವ. ಇದನ್ನ ನಾ ಕಲ್ತದ್ದು ಒಂದು ನಿಶ್ಚಯ ಕಾರ್ಯದಾಗ. ಬೀಗರ ಮನಿ ಮಂದಿ ಸುತ್ತ ಕೂತಿದ್ರು, ಮ್ಯಾಲ ಫ್ಯಾನ್ ಜೋರ ಇತ್ತು, ಆಟೀನ್ ರಾಣಿ ತೋರಸಬೇಕು ಅಂತ ಎತ್ತಿದೆ, ಗಾಳಿಗೆ ಎರಡೂ ಎಲಿ ಬಾಯಿ ಬಿಟ್ಟು ಹಿಂದಿನ ಕಳಾವರ್ ಏಳು ಹಣಿಕಿ ಹಾಕ್ತು. ಎಂಟು ವರ್ಷದ ಹುಡುಗ ಒಬ್ಬಾಂವ "ಅಜ್ಜಾ, ಎರಡs" ಅಂದ. ಆ ರಾತ್ರಿ ನನಗ ನಿದ್ದಿ ಹತ್ತಲಿಲ್ಲ. ಈಗ ಎಲ್ಲೇ ಕೂತ್ರೂ ಮೊದಲ ಮ್ಯಾಲ ನೋಡ್ತೇನಿ, ಫ್ಯಾನ್ ಎಲ್ಲದ ಅಂತ.

ತೋರಿಸಿದ ಮ್ಯಾಲ ಎರಡನ್ನೂ ಕಟ್ಟಿನ ಮ್ಯಾಲ ಇಡೋವಾಗ ಪೂರ್ತಿ ಸರಿ ಮಾಡಿ ಇಡಬ್ಯಾಡ್ರಿ. ಅರ್ಧ ಇಂಚು ನಿಮ್ಮ ಕಡೆ ಜಾರಿಸಿ ಇಡ್ರಿ. ಹಂಗಾದ್ರ ಮತ್ತ ಎತ್ತಿ ಮಗುಚಲಿಕ್ಕೆ ಹೊಸಾ ಸಂದು ಬೇಕಾಗೂದಿಲ್ಲ, ಜೋಡಿ ತಾನs ಕೈಗೆ ಸಿಗ್ತದ. ಇದನ್ನ ಹೇಳೋರು ಕಡಿಮಿ. ಎಲ್ಲಾರೂ ಎತ್ತೋದು ಕಲಸ್ತಾರ, ತಿರುಗಿ ಇಡೋದ್ರಾಗ ಮಂದಿ ಸಿಕ್ಕಿ ಬೀಳ್ತಾರ.

ಕಡೀಕ, ಎಲಿ ನಡುವ ತೂರಿಸಿ ಚಿಟಿಕಿ ಹೊಡದು ಮ್ಯಾಲಿನ ಎಲಿ ತಿರುಗಸ್ತೀರಲ್ಲ, ಆಗ ಅದು ಖರೇನ ಒಂದs ಎಲಿ ಇರ್ತದ. ಅದನ್ನ ತಾಯಿಯವರ ಕೈಯಾಗ ಕೊಡ್ರಿ. ಅಂಜಬ್ಯಾಡ್ರಿ.

ಕುಂದಾಪ್ರದವಳು:

ಕ್ಯಾಶಿಯರ್ ಸರ್ ಕೈ ವಿಷಯ ಎಲ್ಲ ಹೇಳಿದ್ದಾರೆ, ನಾನು ಎಲೆ ವಿಷಯ ಮಾತ್ರ ಹೇಳ್ತೇನೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಸ್ಪೀಟು ಹಪ್ಪಳದ ಹಾಗೆ ಮೆತ್ತಗಾಗಿ ಬಾಗಿಬಿಡ್ತದೆ ಮಾರಾಯ್ರೆ. ಮಳೆಗಾಲ ಎಷ್ಟು ಕಟ್ಟು ತಿಂದಿದೆ ಅಂತ ಲೆಕ್ಕ ಇಟ್ಟಿಲ್ಲ.

ನಿಮ್ಮದು ತೇವ ಅಲ್ಲ, ಎಣ್ಣೆ. ಎಣ್ಣೆ ಹಿಡಿದ ಎಲೆ ತಿರುಗಿ ಬರುವುದಿಲ್ಲ, ಒರೆಸಿ ಪ್ರಯೋಜನ ಇಲ್ಲ. ಆ ಹಳೆ ಕಟ್ಟನ್ನು ಬೆರಳಿನ ಅಭ್ಯಾಸಕ್ಕೆ ಇಟ್ಟುಕೊಳ್ಳಿ, ತೋರಿಸಲಿಕ್ಕೆ ಬೇರೆ ಕಟ್ಟು ಇರಲಿ, ಅದನ್ನು ಮಂಡಿಯಿಂದ ಬಂದ ಕೈಯಲ್ಲಿ ಮುಟ್ಟಲೇಬೇಡಿ. ಕೈ ತೊಳೆದ ಕೂಡಲೇ ಕೂರಬೇಡಿ. ಅರ್ಧ ಗಂಟೆ ಬಿಡಿ. ತೊಳೆದ ಮೇಲೆ ಎರಡು ಹನಿ ಗ್ಲಿಸರಿನ್‌ಗೆ ಸ್ವಲ್ಪ ನೀರು ಸೇರಿಸಿ ಹಚ್ಚಿ, ಪೂರ್ತಿ ಒಳಗೆ ಇಳಿಯಲಿ, ಆಮೇಲೆ ಎಲೆ ತೆಗೀರಿ. ಬೆರಳ ತುದಿ ಮೆತ್ತಗಾದರೆ ಅರ್ಧ ಕಷ್ಟ ಕಡಿಮೆ. ಪೌಡರ್ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಮುಖಕ್ಕೆ ಹಚ್ಚುವ ಪೌಡರ್ ಎರಡು ದಿನಕ್ಕೆ ಗಂಟು ಕಟ್ತದೆ. ಜಾದೂಗಾರರು ಎಲೆಗೆ ಹಚ್ಚುತ್ತಿದ್ದದ್ದು ಜಿಂಕ್ ಸ್ಟಿಯರೇಟ್ ಅನ್ನುವ ಜಾರುವ ಪುಡಿ, ನಿಮಗೆ ಸದ್ಯಕ್ಕೆ ಅದೂ ಬೇಡ.

ಅಂಗಡಿಯಲ್ಲಿ ಕೇಳುವಾಗ ಬೆನ್ನಿಗೆ ಬಿಳಿ ಅಂಚು ಇರುವ ಕಟ್ಟು ಕೇಳಿ. ಅಂಚಿನವರೆಗೆ ಚಿತ್ತಾರ ತುಂಬಿದ್ದರೆ ಎರಡು ಎಲೆ ಕೂದಲಷ್ಟು ಜಾರಿದರೂ ಕಾಣ್ತದೆ, ಬಿಳಿ ಅಂಚಲ್ಲಿ ಅದು ಮುಚ್ಚಿಹೋಗ್ತದೆ. ಅಗಲ ಸಹ ನೋಡಿ. ಎರಡೂವರೆ ಇಂಚಿನದ್ದು ಒಂದು, ಎರಡೂಕಾಲು ಇಂಚಿನದ್ದು ಒಂದು ಬರ್ತದೆ. ಉದ್ದ ಎರಡಕ್ಕೂ ಮೂರೂವರೆಯೇ. ಬೆರಳಿನ ತೊಂದರೆ ಇರುವವರಿಗೆ ಕಿರಿದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ನನ್ನ ಕೈ ಸಣ್ಣದು, ನಾನು ಅದರಲ್ಲೇ ಕಲಿತದ್ದು.

ಮೈಸೂರು ಹುಡುಗ:

ಅಣ್ಣ, ಅಟ್ಟದ ಮೇಲೆ ಕನ್ನಡಿ ಇಟ್ಕೊಂಡು ಅಭ್ಯಾಸ ಮಾಡ್ತಿದ್ರೆ ನಿಲ್ಸಿ. ಕನ್ನಡಿ ಮುಂದೆ ಎರಡು ವರ್ಷ ಮಾಡಿದವನು ನಾನು. ಕೈ ತಪ್ಪು ಮಾಡೋ ಆ ಕ್ಷಣಕ್ಕೆ ಸರಿಯಾಗಿ ನನಗೇ ಗೊತ್ತಿಲ್ಲದೆ ಕಣ್ಣು ಮಿಟುಕಿಸ್ತಿದ್ದೆ. ಕನ್ನಡೀಲಿ ಎಲ್ಲ ಸರಿಯಾಗೇ ಕಾಣ್ತಿತ್ತು, ಯಾಕಂದ್ರೆ ತಪ್ಪಾದಾಗ ನಾನು ನೋಡ್ತಾನೇ ಇರ್ಲಿಲ್ಲ. ಫೋನನ್ನ ಮಗಳು ಕೂರೋ ಎತ್ತರಕ್ಕೆ, ಅವಳು ಕೂರೋ ಜಾಗದಲ್ಲೇ ಇಟ್ಟು ರೆಕಾರ್ಡ್ ಮಾಡಿ. ಅವಳ ಕಣ್ಣು ನಿಮ್ಮ ಎದೆ ಮಟ್ಟಕ್ಕೆ ಬರುತ್ತೆ, ಹಾಗಾಗಿ ಕಟ್ಟಿನ ಪಕ್ಕ ಅವಳಿಗೆ ನಿಮಗಿಂತ ಚೆನ್ನಾಗಿ ಕಾಣುತ್ತೆ. ನೆಲದ ಮೇಲೆ ಮಡಿಸಿದ ಟವೆಲ್ ಹಾಸ್ಕೊಳ್ಳಿ, ಎಲೆ ಬಿದ್ರೂ ಅಂಚು ಹಾಳಾಗಲ್ಲ.

ಅಮ್ಮನ ವಿಷಯ ಓದಿ ಸಂಕಟ ಆಯ್ತು. ಒಂದು ವಿಷಯ ಹೇಳ್ತೀನಿ, ಉಪಯೋಗಕ್ಕೆ ಬಂದ್ರೆ ಬರಲಿ. ನಮ್ಮೂರಲ್ಲಿ ಗಂಜೀಫಾ ಅಂತ ಇದೆ, ದುಂಡಗಿನ ಎಲೆ, ಕೈಯಲ್ಲಿ ಬಣ್ಣ ಹಾಕಿದ್ದು. ಮುಮ್ಮಡಿ ಕೃಷ್ಣರಾಜ ಒಡೆಯರು ಅದರಲ್ಲಿ ಎಷ್ಟೋ ಹೊಸ ಆಟ ಕಟ್ಟಿದ್ರು. ದಶಾವತಾರ ಗಂಜೀಫಾದಲ್ಲಿ 120 ಎಲೆ, ಒಂದೊಂದು ಅವತಾರಕ್ಕೆ ಹನ್ನೆರಡು. ಮತ್ಸ್ಯ, ಕೂರ್ಮ, ವರಾಹ, ನರಸಿಂಹ ಎಲ್ಲರೂ ಎಲೆ ಮೇಲೆ ಕೂತಿರ್ತಾರೆ. ಮೊದಲ ಸಲ ನೋಡಿದಾಗ ನಮ್ಮಜ್ಜಿ ಎಲೆನ ಕಣ್ಣಿಗೆ ಒತ್ಕೊಂಡ್ರು. ಅದರ ಫೋಟೋ ಒಂದು ಅಮ್ಮಂಗೆ ತೋರಿಸಿ ನೋಡಿ.

ಒಂದೇ ಕೂಟದಲ್ಲಿ ಡಬಲ್ ಲಿಫ್ಟ್ ಎರಡು ಸಲಕ್ಕಿಂತ ಜಾಸ್ತಿ ಮಾಡ್ಬೇಡಿ. 1922ರಲ್ಲಿ ಶಿಕಾಗೋದಲ್ಲಿ ಡೈ ವರ್ನನ್ ಅನ್ನೋ ಜಾದೂಗಾರರು ಇದೇ ಆಟವನ್ನ ಆಗಿನ ಹೆಸರಾಂತ ಜಾದೂಗಾರ ಹ್ಯಾರಿ ಹುಡಿನಿ ಎದುರು ಮಾಡಿದ್ರು. ಮೂರು ಸಲ ಕಣ್ಣಾರೆ ನೋಡಿದ ಯಾವ ಆಟದ ಗುಟ್ಟನ್ನಾದ್ರೂ ಹೇಳ್ತೀನಿ ಅಂತಿದ್ದ ಮನುಷ್ಯ ಹುಡಿನಿ. ಎಲೆ ಮೇಲೆ ತನ್ನ ಇನಿಷಿಯಲ್ ಬರೆದುಕೊಟ್ರು. ವರ್ನನ್ ಮೇಲಿಂದ ಮೇಲೆ ಮಾಡಿದ್ರೂ ಹುಡಿನಿಗೆ ಹಿಡಿಯೋಕೆ ಆಗ್ಲಿಲ್ಲ. ಆ ಕೈ ನಮಗೆ ಬರೋವರೆಗೂ ಎರಡೇ ಸಲ ಸಾಕು ಅನ್ನೋದು ನಾನು ಪಾಲಿಸ್ತಿರೋ ಲೆಕ್ಕ.

ತಿಪಟೂರು ಕೊಬ್ಬರಿ:

ಆರು ವಾರ ಆದ್ಮೇಲೆ ಬರೀತಿದ್ದೀನಿ. ಮಂಡಿ ಕೆಲಸ ಜಾಸ್ತಿ ಇತ್ತು, ಕ್ಷಮಿಸಿ.

ಕ್ಯಾಶಿಯರ್ ಸರ್, ನೀವು ಹೇಳಿದ ಹಾಗೆ ಒಂದು ವಾರ ಬರೀ ಒಂದೊಂದೇ ಎಲೆ ತಿರುಗಿಸ್ದೆ. ನಾಲ್ಕನೇ ದಿನ ಗೊತ್ತಾಯ್ತು, ಒಂದು ಎಲೆ ಎತ್ತೋವಾಗ ನನ್ನ ತೋರುಬೆರಳು ಎಲೆ ಮುಟ್ಟೋದೇ ಇಲ್ಲ, ಗಾಳೀಲಿ ಇರುತ್ತೆ. ಎರಡು ಎತ್ತೋವಾಗ ಮಾತ್ರ ಅದು ಬಂದು ಮೇಲೆ ಒತ್ತಿ ಕೂರ್ತಿತ್ತು. ಐದು ತಿಂಗಳಿಂದ ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಕಿರುಬೆರಳನ್ನ ಕಟ್ಟಿನ ಕೆಳಗೆ ಮಲಗಿಸಿದ ಮೇಲೆ ಕಟ್ಟು ಕೈಯಲ್ಲಿ ಗಟ್ಟಿಯಾಗಿ ಕೂತಿದೆ. ಆ ಬೆರಳಿಂದ ಒಂದು ಕೆಲಸ ಆಗ್ತಿರೋದು 11 ವರ್ಷದಲ್ಲಿ ಇದೇ ಮೊದಲು ಸರ್.

ಮಗಳು ಎರಡು ವಾರದಿಂದ "ಎರಡು ಎತ್ತಿದೆ" ಅಂದಿಲ್ಲ. ಶಾಲೆ ವಿಷಯ ಕೇಳಿದ್ರೆ ಮುಖ ಎತ್ತಿ ಹೇಳೋಕೆ ಶುರು ಮಾಡ್ತಾಳೆ. ಅಷ್ಟರಲ್ಲಿ ಕೆಲಸ ಆಗಿರುತ್ತೆ. ಗ್ಲಿಸರಿನ್ ಹಚ್ತಿದ್ದೀನಿ ಅಕ್ಕಾ, ಕಿರಿದು ಕಟ್ಟು ತಂದೆ, ಬಿಳಿ ಅಂಚಿಂದೇ ಸಿಕ್ತು.

ಹೋದ ಭಾನುವಾರ ಅವ್ವನ ಮುಂದೆ ಮಾಡ್ದೆ. ಕರೆದು ಕೂರಿಸೋಕೆ ಧೈರ್ಯ ಬರಲಿಲ್ಲ. ನಡುಮನೇಲಿ ಮಗಳಿಗೆ ಅಂತ ಶುರು ಮಾಡಿದ್ದು, ಅವ್ವ ಅಡುಗೆಮನೆ ಬಾಗಿಲಲ್ಲಿ ಮೊರ ಹಿಡ್ಕೊಂಡು ನಿಂತಿದ್ಲು. ಹಿತ್ತಲಿಗೆ ಹೋಗ್ಲಿಲ್ಲ. ಆಟೀನ್ ರಾಣಿ ತೋರಿಸ್ದೆ, ನಡುವೆ ತೂರಿಸ್ದೆ, ಚಿಟಿಕೆ ಹೊಡೆದು ಮೇಲಿನ ಎಲೆ ತಿರುಗಿಸ್ದೆ. ಮಗಳು ಕಿರುಚಿದ್ಲು. ಅವ್ವ ಮೊರ ಕೆಳಗಿಟ್ಟು ಬಂದು "ಕೊಡಿಲ್ಲಿ" ಅಂದ್ಲು. ಎಲೆ ಅವಳ ಕೈಗೆ ಕೊಟ್ಟೆ. ಕೊಬ್ಬರಿಗೆ ಬೂಷ್ಟು ಹಿಡಿದಿದ್ಯಾ ಅಂತ ನೋಡ್ತಾಳಲ್ಲ, ಹಾಗೇ ಹೆಬ್ಬೆರಳು ತೋರುಬೆರಳಲ್ಲಿ ಎಲೆ ಹಿಡಿದು ಉಜ್ಜಿ ಉಜ್ಜಿ ನೋಡಿದ್ಲು, ಎರಡು ಐತಾ ಅಂತ. ಬೆಳಕಿಗೆ ಹಿಡಿದ್ಲು. ಅಂಚನ್ನ ಉಗುರಲ್ಲಿ ಕೆದಕಿದ್ಲು. ಒಂದೇ ಇತ್ತು. ವಾಪಸ್ ನನ್ನ ಕೈಗೆ ಕೊಟ್ಟು ಮೊರ ತಗೊಂಡು ಒಳಗೆ ಹೋದ್ಲು, ಒಂದು ಮಾತೂ ಆಡಲಿಲ್ಲ.

ರಾತ್ರಿ ಊಟಕ್ಕೆ ಮುದ್ದೆ ಬಡಿಸೋವಾಗ "ಇನ್ನೊಂದು ಕಿತ ಮಾಡಿದ್ರೂ ಮೇಲ್ಕೇ ಬತ್ತದಾ ಅದು?" ಅಂತ ಕೇಳಿದ್ಲು.

ಬರುತ್ತೆ ಅಂದಿದ್ದೀನಿ. ಈಗ ನನಗೆ ಮೂರನೇ ಸಲಕ್ಕೆ ಡಬಲ್ ಲಿಫ್ಟ್ ಇಲ್ಲದ ಬೇರೆ ದಾರಿ ಬೇಕು. ಎಲೆನ ಬಿಲ್ಲಿನ ಥರ ಬಗ್ಗಿಸಿ ನಡುವೆ ಇಟ್ರೂ ಕಣ್ಣೆದುರೇ ಮೇಲಕ್ಕೆ ಎದ್ದು ಬರೋದು ಒಂದಿದೆಯಂತೆ. ಅದು ಈ ಕೈಗೆ ಆಗುತ್ತಾ ಸರ್? ಎಲೆ ಬಗ್ಗಿಸೋಕೂ ಕಿರುಬೆರಳು ಬೇಕಾ?